ಕೆಲಸ ಬಿಟ್ಟು ಸ್ವಂತ ದುಡಿಮೆಗೆ ಇಳಿಯುವ ಮುನ್ನ: ಚಿಕ್ಕ ಮಕ್ಕಳಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಬಳ ತಪ್ಪದೆ ಬರುತ್ತದೆ, ನೆಮ್ಮದಿ ಮಾತ್ರ ಇಲ್ಲ. ಸ್ವಂತ ಕೆಲಸದ ಆಸೆ ಇದೆ, ಮನೆಯಲ್ಲಿ ಚಿಕ್ಕ ಮಗುವೂ ಇದೆ. ಈ ಇಕ್ಕಟ್ಟಿನಲ್ಲಿ ಇರುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹುರಿದುಂಬಿಸುವ ಮಾತು ಬೇಕಾದಷ್ಟು ಸಿಗುತ್ತದೆ, ಹೆದರಿಸುವ ಮಾತೂ ಅಷ್ಟೇ. ಇಲ್ಲಿ ಎರಡನ್ನೂ ಬದಿಗಿಟ್ಟು ಲೆಕ್ಕ ನೋಡೋಣ.

ಕೆಲಸದ ಒತ್ತಡ ತಡೆಯೋಕೆ ಆಗ್ತಿಲ್ಲ. ಬಿಟ್ಟು ಸ್ವಂತದ್ದು ಏನಾದರೂ ಶುರು ಮಾಡಲಾ?

ಕೇಳೋಕೆ ಇದು ಒಂದೇ ಪ್ರಶ್ನೆ, ಒಳಗೆ ಎರಡಿವೆ. ಈ ಕೆಲಸ ಬಿಡಬೇಕಾ ಅನ್ನುವುದು ಒಂದು. ಸ್ವಂತ ದುಡಿಮೆಗೆ ಇಳಿಯಬೇಕಾ ಅನ್ನುವುದು ಇನ್ನೊಂದು. ಎರಡನ್ನೂ ಗಂಟು ಹಾಕಿದರೆ ಯಾವುದಕ್ಕೂ ನೆಟ್ಟಗೆ ಉತ್ತರ ಸಿಗುವುದಿಲ್ಲ. ಮ್ಯಾನೇಜರ್ ಕಾಟ ತಾಳಲಾರದೆ ವ್ಯಾಪಾರಕ್ಕೆ ಇಳಿದವರು ಎಷ್ಟೋ ಜನ. ಅವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಬೇರೆ ಮ್ಯಾನೇಜರ್ ಅಷ್ಟೇ.

ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಾಳೆ ಇನ್ನೊಂದು ಕಂಪನಿಯಿಂದ ಕರೆ ಬಂತು ಅಂತ ಇಟ್ಟುಕೊಳ್ಳಿ. ಸಂಬಳ ಇಷ್ಟೇ. ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಿಡುತ್ತಾರೆ, ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆ. ಹೋಗುತ್ತೀರಾ? ‘ಹೂಂ, ಇವತ್ತೇ ಹೋಗ್ತೀನಿ’ ಅಂತ ಮನಸ್ಸು ಹೇಳಿದರೆ, ನಿಮಗೆ ಬೇಕಿರುವುದು ಬೇರೆ ಕೆಲಸ. ಅದನ್ನು ಹುಡುಕಿ, ಸ್ವಂತ ದುಡಿಮೆಯ ಮಾತನ್ನು ಸದ್ಯಕ್ಕೆ ಬಿಡಿ. ‘ಆಗಲೂ ನನಗೆ ನನ್ನ ಕೆಲಸವೇ ಬೇಕು’ ಅನ್ನಿಸಿದರೆ ಕೆಳಗಿನದನ್ನೆಲ್ಲ ಓದಿ.

ಇದು ಬರೀ ಸುಸ್ತಾ, ಅದಕ್ಕಿಂತ ಜಾಸ್ತಿ ಏನಾದರೂ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಏನು ಅಂತ ವಿವರಿಸಿತು. ಅದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತಲೇ ಹೇಳಿತು. ಲಕ್ಷಣ ಮೂರು. ಮೈಯಲ್ಲಿ ಶಕ್ತಿಯೇ ಇಲ್ಲದ ಹಾಗೆ ಆಗುವುದು. ಕೆಲಸದ ಮೇಲೆ ಜಿಗುಪ್ಸೆ ಬಂದು ಮನಸ್ಸು ದೂರ ಸರಿಯುವುದು. ಎಷ್ಟು ಮಾಡಿದರೂ ಏನೂ ಸಾಧಿಸುತ್ತಿಲ್ಲ ಅನ್ನಿಸುವುದು. ಸೋಮವಾರದ ನೆನಪಿಗೇ ಭಾನುವಾರ ಸಂಜೆ ಹೊಟ್ಟೆ ಕಿವುಚುತ್ತಿದ್ದರೆ, ನಿದ್ದೆ ಹೋಗಿದ್ದರೆ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಸಿಗುವಷ್ಟು ರಜೆ ತೆಗೆದುಕೊಳ್ಳಿ. ನಿದ್ದೆಗೆಟ್ಟ ತಲೆಯಲ್ಲಿ ರಾಜೀನಾಮೆ ಬರೆಯಬೇಡಿ.

ಈ ವಿಷಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಕೆಲಸ ಹದಗೆಡುವ ಜಾಗಗಳನ್ನು ಆರು ಅಂತ ಗುರುತಿಸಿದ್ದಾರೆ: ಕೆಲಸದ ಹೊರೆ, ನಮ್ಮ ಕೈಯಲ್ಲಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಯ ಜನ, ನ್ಯಾಯ, ನಾವು ನಂಬಿದ ಮೌಲ್ಯ. ನಿಮ್ಮ ಕೆಲಸದಲ್ಲಿ ಇವುಗಳ ಪೈಕಿ ಯಾವುದು ಕೆಟ್ಟಿದೆ ಅಂತ ನೋಡಿ. ಇದು ಸುಮ್ನೆ ಪಟ್ಟಿ ಅಲ್ಲ, ಮುಂದಿನ ದಾರಿಯನ್ನೇ ಹೇಳುತ್ತದೆ. ಕೆಟ್ಟಿರುವುದು ಹಿಡಿತ ಅಥವಾ ಮೌಲ್ಯವಾದರೆ ಸ್ವಂತ ಕೆಲಸ ಅದನ್ನು ಸರಿಮಾಡಬಹುದು. ಹೊರೆ ಜಾಸ್ತಿ, ದುಡ್ಡು ಕಡಿಮೆ ಅನ್ನುವುದೇ ತೊಂದರೆಯಾದರೆ, ಮೊದಲ ಒಂದೆರಡು ವರ್ಷ ಎರಡೂ ಇನ್ನಷ್ಟು ಕೆಡುವ ಸಾಧ್ಯತೆಯೇ ಹೆಚ್ಚು. ಜೊತೆಯ ಜನರ ವಿಷಯಕ್ಕೆ ಬಂದರೆ, ಒಬ್ಬರೇ ಕೂತು ಕೆಲಸ ಮಾಡುವಾಗ ಜಗಳಕ್ಕೂ ಯಾರೂ ಸಿಗುವುದಿಲ್ಲ, ಹರಟೆಗೂ ಸಿಗುವುದಿಲ್ಲ.

ಸ್ವಂತ ಕೆಲಸದಲ್ಲಿ ಒತ್ತಡ ಕಡಿಮೆ ಅಲ್ವಾ?

ಕಡಿಮೆ ಅನ್ನಲಾರೆ. ಒತ್ತಡದ ಬಗೆ ಬೇರೆ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಸೆಕ್ 1979ರಲ್ಲಿ ಒಂದು ಮಾತು ಹೇಳಿದರು, ಅದು ಇವತ್ತಿಗೂ ಚಲಾವಣೆಯಲ್ಲಿದೆ: ಕೆಲಸದ ಒತ್ತಾಯ ಜಾಸ್ತಿ ಇದ್ದು, ಅದರ ಮೇಲೆ ನಮ್ಮ ಹಿಡಿತ ಕಡಿಮೆ ಇದ್ದಾಗಲೇ ಮನುಷ್ಯ ಹೆಚ್ಚು ಬಳಲುತ್ತಾನೆ. ಸ್ವಂತ ಕೆಲಸದಲ್ಲಿ ಒತ್ತಾಯ ಇಳಿಯುವುದಿಲ್ಲ, ಹಿಡಿತ ಏರುತ್ತದೆ. ಅದಕ್ಕೇ ಕೆಲವರು ಮೊದಲಿಗಿಂತ ಹೆಚ್ಚು ದುಡಿದರೂ ನಗುನಗುತ್ತಾ ಇರುತ್ತಾರೆ.

ಹಾಗಂತ ದೇಹಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಬಾಸ್ ದುಡಿಸಿದರೂ ಅಷ್ಟೇ, ನಿಮ್ಮನ್ನು ನೀವೇ ದುಡಿಸಿಕೊಂಡರೂ ಅಷ್ಟೇ. ಕೆಲಸದಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಮೇಲ್ ನೋಡುವವರು ಸ್ವಂತ ಕೆಲಸದಲ್ಲೂ ರಾತ್ರಿ ಹನ್ನೊಂದಕ್ಕೆ ಮೇಲ್ ನೋಡುತ್ತಾರೆ. ಆ ಅಭ್ಯಾಸ ರಾಜೀನಾಮೆ ಕೊಟ್ಟರೆ ಹೋಗುವಂಥದ್ದಲ್ಲ.

ಎಷ್ಟು ತಿಂಗಳ ದುಡ್ಡು ಕೈಯಲ್ಲಿರಬೇಕು?

ಆರು ತಿಂಗಳು ಅನ್ನುವವರಿದ್ದಾರೆ, ವರ್ಷ ಅನ್ನುವವರಿದ್ದಾರೆ. ಬೇರೆಯವರ ಅಂಕಿ ನಿಮ್ಮ ಮನೆಗೆ ಹೊಂದುವುದಿಲ್ಲ. ನಿಮ್ಮದೇ ಲೆಕ್ಕ ಹಾಕಿ.

ಮನೆ ಖರ್ಚು ತಿಂಗಳಿಗೆ 100 ಅಂತ ಇಟ್ಟುಕೊಳ್ಳೋಣ. ಯಾವ ದೇಶದ ಹಣವಾದರೂ ಲೆಕ್ಕ ಒಂದೇ. ಬ್ಯಾಂಕಿನಲ್ಲಿ ಉಳಿತಾಯ 900 ಇದೆ. ‘ಒಂಬತ್ತು ತಿಂಗಳು ಆರಾಮ’ ಅನ್ನಿಸುತ್ತದೆ ಅಲ್ವಾ? ಈಗ ನೋಡಿ. ಕೆಲಸ ಶುರು ಮಾಡಲು ಸಾಮಾನು, ನೋಂದಣಿ, ಅದು ಇದು ಅಂತ 150 ಹೋಯಿತು. ಮಗುವಿಗೋ ಮನೆಯವರಿಗೋ ಹುಷಾರಿಲ್ಲದೆ ಆದರೆ ಅಂತ 200 ಬೇರೆ ಎತ್ತಿಡಬೇಕು, ಅದನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು 550. ಅಂದರೆ ಐದೂವರೆ ತಿಂಗಳು. ಒಂಬತ್ತು ಹೇಗೆ ಐದೂವರೆ ಆಯಿತು ನೋಡಿದಿರಾ?

ಜೊತೆಗಾರರಿಗೆ ತಿಂಗಳಿಗೆ 40 ಬರುವ ದುಡಿಮೆ ಇದೆ ಅನ್ನಿ. ಆಗ ಕೈಯಿಂದ ಹೋಗುವುದು 60 ಮಾತ್ರ. 550 ಒಂಬತ್ತು ತಿಂಗಳಿಗೆ ಬರುತ್ತದೆ. ಖರ್ಚನ್ನು 100ರಿಂದ 85ಕ್ಕೆ ಇಳಿಸಿದರೆ ಕೊರತೆ 45. ಈಗ ಹನ್ನೆರಡು ತಿಂಗಳು. ಖರ್ಚಿನಲ್ಲಿ ಬರೀ 15 ಇಳಿಸಿದ್ದಕ್ಕೆ ಮೂರು ತಿಂಗಳು ಸಿಕ್ಕಿತು. ಅದೇ ಮೂರು ತಿಂಗಳನ್ನು ಉಳಿತಾಯದಿಂದ ತರಬೇಕಾಗಿದ್ದರೆ ಇನ್ನೂ 180 ಕೂಡಿಡಬೇಕಿತ್ತು. ಹಾಗಾಗಿ ‘ಇನ್ನೆಷ್ಟು ಕೂಡಿಡಬೇಕು’ ಅಂತ ಕೇಳುವ ಮೊದಲು ತಿಂಗಳ ಕೊರತೆ ಎಷ್ಟು ಅಂತ ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಬುದ್ಧಿಮಾತಲ್ಲ, ನೇರ ಗಣಿತ.

ಖರ್ಚು ಇಳಿಸುವುದನ್ನು ಕೆಲಸ ಬಿಡುವ ಮೊದಲೇ ಶುರು ಮಾಡಿ. ಎರಡು ಮೂರು ತಿಂಗಳು 85ರಲ್ಲಿ ಬದುಕಿ ನೋಡಿ, ಸಂಬಳದ ಉಳಿದ ಭಾಗವನ್ನು ಕಣ್ಣಿಗೆ ಬೀಳದ ಖಾತೆಗೆ ಹಾಕಿ. ಕಾಗದದ ಮೇಲೆ 85 ಬರೆಯುವುದು ಸುಲಭ. ಮಗುವಿಗೆ ಜ್ವರ ಬಂದು, ಮನೆಯ ಯಾವುದೋ ಯಂತ್ರ ಕೆಟ್ಟು, ಅದೇ ತಿಂಗಳು ವಿಮೆ ಕಂತೂ ಬಂದಾಗ 85 ಎಲ್ಲಿ ನಿಲ್ಲುತ್ತದೆ ಅಂತ ಆಗ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ.

ಈಗಿನ ಸಂಬಳದಷ್ಟು ದುಡಿಯಬಹುದಾ?

ದುಡಿಯುವವರು ಇದ್ದಾರೆ. ಆದರೆ ಸಾಮಾನ್ಯವಾಗಿ ಆಗುವುದು ಅದಲ್ಲ. ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಬಾರ್ಟನ್ ಹ್ಯಾಮಿಲ್ಟನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಂತ ದುಡಿಮೆಯಲ್ಲಿ ಹತ್ತು ವರ್ಷ ಕಳೆದ ನಡುಮಟ್ಟದ ವ್ಯಕ್ತಿಯ ಗಳಿಕೆ, ಅಷ್ಟೇ ಕಾಲ ಸಂಬಳದ ಕೆಲಸದಲ್ಲಿದ್ದರೆ ಸಿಗುತ್ತಿದ್ದದ್ದಕ್ಕಿಂತ ಶೇ. 35ರಷ್ಟು ಕಡಿಮೆ ಇತ್ತು. ಸ್ವಂತ ದುಡಿಮೆಯವರು ಆದಾಯವನ್ನು ಕಡಿಮೆ ತೋರಿಸುವ ರೂಢಿ ಇರುವುದರಿಂದ ನಿಜವಾದ ಅಂತರ ಇಷ್ಟು ದೊಡ್ಡದಲ್ಲ ಅಂತ ಆಮೇಲೆ ಬೇರೆಯವರು ವಾದಿಸಿದ್ದಾರೆ. ಆದರೂ ನಿಮ್ಮ ಯೋಜನೆ ‘ಎರಡನೇ ವರ್ಷಕ್ಕೆ ಸಂಬಳದ ಎರಡರಷ್ಟು’ ಅನ್ನುವುದರ ಮೇಲೆ ನಿಂತಿದ್ದರೆ ಅದನ್ನು ಹರಿದುಹಾಕಿ ಹೊಸದು ಬರೆಯಿರಿ.

ಇಷ್ಟಾದರೂ ಜನ ಯಾಕೆ ಬಿಡುತ್ತಾರೆ? ದುಡ್ಡು ಕಡಿಮೆ ಬಂದರೂ ಸ್ವಂತ ದುಡಿಮೆಯವರಿಗೆ ಕೆಲಸದ ಬಗ್ಗೆ ತೃಪ್ತಿ ಹೆಚ್ಚು ಅಂತ ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ. ಯಾರೂ ಮೇಲೆ ನಿಂತು ಹೇಳುವವರಿಲ್ಲ ಅನ್ನುವುದಕ್ಕೆ ಅವರು ಆ ದುಡ್ಡನ್ನು ಬೆಲೆಯಾಗಿ ಕೊಡುತ್ತಿದ್ದಾರೆ. ಆ ಬೆಲೆ ನಿಮ್ಮ ಮನೆಗೆ ಕಟ್ಟುತ್ತದಾ ಅನ್ನುವುದೇ ಪ್ರಶ್ನೆ, ಯಾಕೆಂದರೆ ಬೆಲೆ ಕೊಡುವವರು ನೀವೊಬ್ಬರೇ ಅಲ್ಲ.

ನನ್ನ ಕೆಲಸಕ್ಕೆ ರೇಟು ಹೇಗೆ ಹಾಕಲಿ?

ತಿಂಗಳ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ, ಬಂದದ್ದನ್ನೇ ದಿನದ ರೇಟು ಅನ್ನುವವರು ಬಹಳ. ಇದರಲ್ಲಿ ಗಂಟು ಕರಗುತ್ತದೆ.

ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ. ರಜೆ, ಹಬ್ಬ, ನಿಮಗೆ ಹುಷಾರಿಲ್ಲದ ದಿನ, ಮಗುವಿಗೆ ಹುಷಾರಿಲ್ಲದ ದಿನ ಅಂತ 40 ಕಳೆಯಿರಿ. ಉಳಿದದ್ದು 220. ಇದರಲ್ಲೂ ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಬಿಲ್ಲು ಕಳಿಸುವುದು, ಬಾಕಿ ಕೇಳುವುದು, ಲೆಕ್ಕ ಬರೆಯುವುದು ಇವೆಲ್ಲ ನೀವೇ ಮಾಡಬೇಕು, ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ದುಡ್ಡು ತರುವ ದಿನ ಶೇ. 60 ಅಂತ ಹಿಡಿದರೆ 132. ಅಂದರೆ 260ರ ಹೆಚ್ಚು ಕಡಿಮೆ ಅರ್ಧ. ವರ್ಷದ ಸಂಬಳದಷ್ಟೇ ಬರಬೇಕು ಅಂದರೂ ದಿನದ ರೇಟು ಎರಡರಷ್ಟು ಇರಬೇಕು. ಕಂಪನಿ ಕಟ್ಟುತ್ತಿದ್ದ ವಿಮೆ, ನಿವೃತ್ತಿ ನಿಧಿ, ಕೊಟ್ಟಿದ್ದ ಲ್ಯಾಪ್‌ಟಾಪು ಇವೆಲ್ಲ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

‘ಅಷ್ಟು ಕೇಳಿದರೆ ಯಾರು ಕೊಡ್ತಾರೆ?’ ಅಂತ ಹೆದರಿಕೆ ಆಗುತ್ತದೆ. ನಿಜ, ಎಲ್ಲರೂ ಕೊಡುವುದಿಲ್ಲ. ಯಾರೂ ಕೊಡುವುದಿಲ್ಲ ಅಂತ ಕೆಲಸ ಬಿಡುವ ಮೊದಲೇ ಗೊತ್ತಾದರೆ ಅದೂ ಒಳ್ಳೆಯ ಸುದ್ದಿಯೇ.

ಸ್ವಂತ ಉದ್ಯಮಗಳಲ್ಲಿ ಹತ್ತರಲ್ಲಿ ಒಂಬತ್ತು ಮುಳುಗುತ್ತವಂತೆ, ಹೌದಾ?

ಅಷ್ಟು ಕೆಟ್ಟದಾಗಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ, ಹೊಸದಾಗಿ ಶುರುವಾದವುಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ. ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಉಳಿದಿರುತ್ತವೆ. ಮುಚ್ಚಿದ್ದೆಲ್ಲ ದಿವಾಳಿಯೂ ಅಲ್ಲ. ಕೆಲವರು ಮಾರಿರುತ್ತಾರೆ, ಕೆಲವರು ಒಳ್ಳೆಯ ಕೆಲಸ ಸಿಕ್ಕಿತು ಅಂತ ಬಾಗಿಲು ಹಾಕಿರುತ್ತಾರೆ.

ಕೆಲಸದಲ್ಲಿ ಇದ್ದುಕೊಂಡೇ ಶುರು ಮಾಡಬಹುದಾ? ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಅಂತಾರಲ್ಲ?

ಈ ವಿಷಯದಲ್ಲಿ ಗಾದೆಯನ್ನು ಪಕ್ಕಕ್ಕಿಡಿ. ಜೋಸೆಫ್ ರಫೀ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದಲ್ಲಿದ್ದುಕೊಂಡೇ ಸಣ್ಣದಾಗಿ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು, ನೇರವಾಗಿ ಜಿಗಿದವರಿಗಿಂತ ಸೋತು ಹೊರಬರುವ ಸಾಧ್ಯತೆ ಶೇ. 33ರಷ್ಟು ಕಡಿಮೆ ಇತ್ತು. ನೈಕಿ ಕಂಪನಿಯ ಫಿಲ್ ನೈಟ್ 1964ರಲ್ಲಿ ಶೂ ಮಾರಲು ಶುರು ಮಾಡಿದರು. ಆದರೆ 1969ರವರೆಗೂ ಲೆಕ್ಕಪತ್ರದ ಕೆಲಸ, ಪಾಠ ಹೇಳುವ ಕೆಲಸ ಮಾಡಿಕೊಂಡೇ ಇದ್ದರು. ಸ್ಟೀವ್ ವಾಜ್ನಿಯಾಕ್ 1976ರಲ್ಲಿ ಆಪಲ್ ಶುರುವಾದ ಮೇಲೂ ಸ್ವಲ್ಪ ಕಾಲ ಹ್ಯೂಲೆಟ್ ಪ್ಯಾಕರ್ಡ್‌ನ ಸಂಬಳದಲ್ಲೇ ಇದ್ದರು. ‘ಎಲ್ಲ ಬಿಟ್ಟು ಇಳಿದರೇನೇ ಗೆಲುವು’ ಅನ್ನುವುದು ಭಾಷಣಕ್ಕೆ ಚೆನ್ನ.

ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸಕ್ಕೆ ತಡೆ ಇದೆಯಾ, ಕೆಲಸದ ಹೊತ್ತಿನಲ್ಲಿ ಅಥವಾ ಕಂಪನಿಯ ಯಂತ್ರದಲ್ಲಿ ಮಾಡಿದ್ದು ಕಂಪನಿಯದ್ದೇ ಆಗುತ್ತದಾ ಅಂತ ಓದಿ. ಎರಡನೆಯದು ಇದಕ್ಕಿಂತ ದೊಡ್ಡದು. ಆ ಸಂಜೆಗಳು ಎಲ್ಲಿಂದ ಬರುತ್ತವೆ? ಮಗು ಮಲಗಿದ ಮೇಲೆ ಎರಡು ಗಂಟೆ ನಿಮ್ಮದು ಅಂತ ನೀವು ಅಂದುಕೊಂಡಿರುತ್ತೀರಿ. ಮಗುವನ್ನು ಮಲಗಿಸಿ, ಪಾತ್ರೆ ತೊಳೆದು, ನಾಳೆಯ ಬಟ್ಟೆ ಎತ್ತಿಟ್ಟವರು ಯಾರು? ಅವರ ಎರಡು ಗಂಟೆಯಲ್ಲಿ ನಿಮ್ಮ ಕೆಲಸ ಶುರುವಾಗುತ್ತಿದೆ. ವಾರದಲ್ಲಿ ಯಾವ ಸಂಜೆ ನಿಮ್ಮದು, ಯಾವ ಸಂಜೆ ಅವರದು ಅಂತ ಗೋಡೆಯ ಮೇಲೆ ಬರೆದು ಹಾಕುವುದು ತಮಾಷೆಯಾಗಿ ಕಾಣಬಹುದು. ಹಾಕಿ.

ಮಗು ಇನ್ನೂ ಚಿಕ್ಕದು. ದೊಡ್ಡದಾಗುವ ತನಕ ಕಾಯಬೇಕಾ? ಅಷ್ಟರಲ್ಲಿ ನನಗೆ ವಯಸ್ಸಾಗಿಬಿಡುತ್ತದೆ.

ವಯಸ್ಸಿನ ಚಿಂತೆ ಬಿಡಿ. ಪಿಯರ್ ಅಜುಲೆ ಮತ್ತು ಜೊತೆಗಾರರ ಅಧ್ಯಯನದಲ್ಲಿ, ಅಮೆರಿಕದಲ್ಲಿ ಒಬ್ಬರಿಗಾದರೂ ಕೆಲಸ ಕೊಟ್ಟ ಹೊಸ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು ಸುಮಾರು 42. ಅತಿ ವೇಗವಾಗಿ ಬೆಳೆದ ಕಂಪನಿಗಳದ್ದು 45. ಹಾಗಾಗಿ ಎರಡು ವರ್ಷ ತಡವಾದರೆ ಬಸ್ಸು ಹೋಗಿಬಿಡುವುದಿಲ್ಲ.

ಕಾಯಬೇಕಾ ಅನ್ನುವುದಕ್ಕೆ ಬರೋಣ. ಹಸುಗೂಸು ಇರುವ ಮೊದಲ ವರ್ಷದಲ್ಲಿ, ಇಬ್ಬರಿಗೂ ನಿದ್ದೆ ಇಲ್ಲದಿರುವಾಗ, ಬೇರೆ ದಾರಿ ಇದ್ದರೆ ಬೇಡ ಅಂತಲೇ ನನ್ನ ಅಭಿಪ್ರಾಯ. ದುಡ್ಡಿನ ಲೆಕ್ಕ ಸರಿ ಇದ್ದರೂ ಬೇಡ. ಅದಾದ ಮೇಲೆ ಒಳ್ಳೆಯ ಕಾಲ ಅಂತ ಪ್ರತ್ಯೇಕವಾಗಿ ಬರುವುದಿಲ್ಲ. ಮಗು ಬೆಳೆದಷ್ಟೂ ಅದರ ಖರ್ಚೂ ಬೆಳೆಯುತ್ತದೆ. ಮೂರು ವರ್ಷದ ಮಗುವಿಗೆ ಸಂಬಳ ನಿಂತದ್ದು ಗೊತ್ತಾಗುವುದಿಲ್ಲ, ಅಪ್ಪ ಅಮ್ಮ ಸಿಡುಕುವುದು ಗೊತ್ತಾಗುತ್ತದೆ.

ಮನೆಯವರಿಗೆ ಹೇಗೆ ಹೇಳಲಿ? ಕೇಳಿದ ತಕ್ಷಣ ಗಾಬರಿ ಆಗ್ತಾರೆ.

ಮಾತು ಹೆಚ್ಚಾಗಿ ಹೀಗೆ ಸಾಗುತ್ತದೆ:

‘ಮುಂದಿನ ತಿಂಗಳು ಕೆಲಸ ಬಿಡೋಣ ಅಂತಿದೀನಿ.’

‘ಸರಿ ರೀ. ಸಂಬಳ ಇಲ್ಲದೆ ಎಷ್ಟು ತಿಂಗಳು ನಡೀಬೇಕು?’

‘ನೋಡೋಣ, ಏನಾದರೂ ಆಗತ್ತೆ ಬಿಡು.’

ಕೆಡುವುದು ಈ ಮೂರನೇ ಮಾತಿನಲ್ಲಿ. ಅವರು ಬೇಡ ಅಂದಿರಲಿಲ್ಲ, ಒಂದು ಅಂಕಿ ಕೇಳಿದ್ದರು. ಅಂಕಿಯ ಬದಲು ಸಮಾಧಾನ ಸಿಕ್ಕಿತು. ಇನ್ನು ಮುಂದೆ ಅವರು ಏನು ಕೇಳಿದರೂ ನಿಮಗೆ ಅಡ್ಡಗಾಲು ಹಾಕಿದ ಹಾಗೆ ಕೇಳಿಸುತ್ತದೆ. ನೀವು ಏನು ಹೇಳಿದರೂ ಅವರಿಗೆ ಹಾರಿಕೆ ಉತ್ತರ ಅನ್ನಿಸುತ್ತದೆ. ಬಿಡುವವರು ಗಂಡನಾದರೂ ಹೆಂಡತಿಯಾದರೂ ಇದು ಒಂದೇ.

ಮೊದಲೇ ಕೂತು 100ರ ಲೆಕ್ಕವನ್ನು ಇಬ್ಬರೂ ಸೇರಿ ಹಾಕಿ. ನೀವು ಹಾಕಿಟ್ಟ ಲೆಕ್ಕ ತೋರಿಸಬೇಡಿ, ಖಾಲಿ ಕಾಗದ ಇಟ್ಟುಕೊಳ್ಳಿ. ಮನೆಯ ಎಷ್ಟೋ ಖರ್ಚು ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಆಮೇಲೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ‘ಪ್ರಿಮಾರ್ಟಮ್’ ಅನ್ನುವ ವಿಧಾನ ಮಾಡಿ ನೋಡಿ. ಒಂದು ವರ್ಷ ಕಳೆದಿದೆ, ಇದು ಪೂರ್ತಿ ಸೋತಿದೆ ಅಂತ ಇಟ್ಟುಕೊಳ್ಳಿ. ಯಾಕೆ ಸೋತಿತು ಅಂತ ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಬರೆಯಿರಿ, ಆಮೇಲೆ ಅದಲುಬದಲು ಮಾಡಿ ಓದಿ. ಒಬ್ಬರು ‘ಗಿರಾಕಿ ಸಿಗಲಿಲ್ಲ’ ಅಂತ ಬರೆದಿದ್ದರೆ ಇನ್ನೊಬ್ಬರು ‘ನೀನು ಮನೆಯಲ್ಲೇ ಇದ್ದರೂ ನಮ್ಮ ಜೊತೆ ಇರಲಿಲ್ಲ’ ಅಂತ ಬರೆದಿರಬಹುದು. ಅದು ಈಗಲೇ ಗೊತ್ತಾಗುವುದು ವಾಸಿ.

ಇನ್ನೊಂದು. ‘ನಿಲ್ಲಿಸು’ ಅನ್ನುವ ಹಕ್ಕು ಇಬ್ಬರಿಗೂ ಇರಬೇಕು, ಮತ್ತು ಯಾವಾಗ ಹಾಗೆ ಹೇಳಬಹುದು ಅಂತ ಮೊದಲೇ ಒಪ್ಪಿರಬೇಕು. ಅದು ಇಲ್ಲದಿದ್ದರೆ ಸಂಗಾತಿಯ ಒಪ್ಪಿಗೆ ಬರೀ ಬಾಯಿಮಾತು.

ಮನೆಯಿಂದಲೇ ಕೆಲಸ ಮಾಡಿದರೆ ಮಗುವನ್ನೂ ನೋಡಿಕೊಳ್ಳಬಹುದು, ಆ ಖರ್ಚು ಉಳಿಯುತ್ತದೆ. ಸರಿ ತಾನೇ?

ಇಲ್ಲ.

ಗಿರಾಕಿಯ ಫೋನು ಬಂದಾಗ ಬಾಗಿಲು ಹಾಕಿಕೊಳ್ಳುತ್ತೀರಿ. ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಪುಟ್ಟ ಬೆರಳು ಕಾಣುತ್ತವೆ. ‘ಅಪ್ಪಾ, ಆಯ್ತಾ?’ ಆಗಿಲ್ಲ. ಎರಡು ನಿಮಿಷಕ್ಕೆ ಮತ್ತೆ ‘ಈಗ ಆಯ್ತಾ?’ ಆ ಕಡೆ ಗಿರಾಕಿ ರೇಟು ಇಳಿಸಿ ಅನ್ನುತ್ತಿದ್ದಾರೆ. ಬೇಗ ಮುಗಿದರೆ ಸಾಕು ಅಂತ ನೀವು ಇಳಿಸಿಬಿಡುತ್ತೀರಿ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಗಂಟೆ, ಎಷ್ಟು ಖರ್ಚು ಅನ್ನುವುದನ್ನು ಕೆಲಸದ ಬಂಡವಾಳದಲ್ಲೇ ಸೇರಿಸಿ. ಸ್ವಂತ ದುಡಿಮೆ ಕೊಡುವ ಅನುಕೂಲ ಬೇರೆ ತರಹದ್ದು. ಶಾಲೆಯಿಂದ ಕರೆ ಬಂದರೆ ಯಾರ ಅಪ್ಪಣೆಯೂ ಕೇಳದೆ ಎದ್ದು ಹೋಗಬಹುದು. ಇದು ಸಣ್ಣದಲ್ಲ. ಆದರೆ ಆ ಮಧ್ಯಾಹ್ನದ ಕೆಲಸ ರಾತ್ರಿಗೆ ಕಾದಿರುತ್ತದೆ.

ಮೊದಲ ಗಿರಾಕಿ ಎಲ್ಲಿ ಸಿಗುತ್ತಾರೆ?

ಹತ್ತಿರದ ಗೆಳೆಯರಿಗಿಂತ ದೂರದ ಪರಿಚಯದವರಿಂದ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದ ಹೆಸರಾಂತ ಲೇಖನದ ಸಾರ ಇದೇ: ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚು ಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಪರೂಪಕ್ಕೆ ಮಾತಾಡುವವರಿಂದ. ಗ್ರನೊವೆಟರ್ ನೋಡಿದ್ದು ಹೊಸ ಕೆಲಸ ಹುಡುಕಿಕೊಂಡವರನ್ನು. ಗಿರಾಕಿ ಹುಡುಕುವುದಕ್ಕೂ ಇದು ಹೊಂದುತ್ತದೆ ಅಂತ ಈ ದಾರಿಯಲ್ಲಿ ನಡೆದವರನ್ನು ಕೇಳಿದರೆ ಹೇಳುತ್ತಾರೆ. ಹಳೆಯ ಕಂಪನಿ ಬಿಟ್ಟು ಹೋದವರು, ಹಿಂದೆ ಒಮ್ಮೆ ಸಹಾಯ ಮಾಡಿದ್ದ ಸಪ್ಲೈಯರ್, ಬೇರೆ ವಿಭಾಗದಲ್ಲಿದ್ದವರು. ‘ನಾನು ಇಂಥ ಕೆಲಸ ಮಾಡಿಕೊಡ್ತಿದೀನಿ, ಯಾರಿಗಾದರೂ ಬೇಕಿದ್ದರೆ ಹೇಳಿ’ ಅಂತ ಎರಡು ಸಾಲು ಸಾಕು. ಬಿಡುವಾಗ ಜಗಳ ಮಾಡಿಕೊಂಡು ಬಿಡಬೇಡಿ ಅನ್ನುವುದು ಇದಕ್ಕೇ. ಹಳೆಯ ಕಂಪನಿಯೇ ಮೊದಲ ಗಿರಾಕಿ ಆಗುವುದು ಅಪರೂಪವೇನಲ್ಲ.

‘ಚೆನ್ನಾಗಿದೆ, ಮಾಡು’ ಅನ್ನುವವರು ಗಿರಾಕಿ ಅಲ್ಲ. ದುಡ್ಡು ಕೊಟ್ಟವರು ಮಾತ್ರ ಗಿರಾಕಿ. ಕೆಲಸ ಬಿಡುವ ಮೊದಲು, ಪರಿಚಯದ ದಾಕ್ಷಿಣ್ಯಕ್ಕೆ ಬಾರದ ಇಬ್ಬರು ಮೂವರಿಂದಾದರೂ ದುಡ್ಡು ಬಂದಿರಲಿ.

ಕೆಲಸ ಇದೆ, ಆದರೆ ದುಡ್ಡು ತಡವಾಗಿ ಬರುತ್ತದೆ. ಏನು ಮಾಡೋದು?

ಲಾಭದಲ್ಲಿರುವ ಸಣ್ಣ ಕೆಲಸಗಳೂ ಮುಚ್ಚುವುದು ಇದರಿಂದಲೇ. ಈ ತಿಂಗಳು ಮಾಡಿದ ಕೆಲಸಕ್ಕೆ ಮುಂದಿನ ತಿಂಗಳು ಬಿಲ್ಲು, ಅದಾದ 30 ಅಥವಾ 60 ದಿನಕ್ಕೆ ದುಡ್ಡು. ದೊಡ್ಡ ಕಂಪನಿಗಳು 90 ದಿನವೂ ಅನ್ನುತ್ತವೆ. ಮನೆ ಬಾಡಿಗೆ ಅಷ್ಟು ದಿನ ಕಾಯುವುದಿಲ್ಲ. ಮುಂಗಡ ಕೇಳಿ. ಕೇಳಲು ಮುಜುಗರವಾದರೂ ಕೇಳಿ. ಕೆಲಸವನ್ನು ಎರಡು ಮೂರು ಹಂತ ಮಾಡಿ, ಹಂತ ಮುಗಿದ ದಿನವೇ ಬಿಲ್ಲು ಕಳಿಸಿ. ಒಬ್ಬರೇ ಗಿರಾಕಿಯಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ ಎಚ್ಚರ: ನೀವು ಬಾಸ್ ಬಿಟ್ಟು ಬಂದು ಇನ್ನೊಬ್ಬ ಬಾಸ್ ಮಾಡಿಕೊಂಡಿದ್ದೀರಿ, ಅದೂ ರಜೆ, ವಿಮೆ ಯಾವುದೂ ಇಲ್ಲದೆ.

ಬಂದ ದುಡ್ಡೆಲ್ಲ ನಿಮ್ಮದೂ ಅಲ್ಲ. ತೆರಿಗೆಯ ಪಾಲನ್ನು ದುಡ್ಡು ಬಂದ ದಿನವೇ ಬೇರೆ ಖಾತೆಗೆ ಹಾಕಿ. ಉಳಿದದ್ದರಲ್ಲಿ ಮನೆಗೆ ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ ಕೊಡಿ, ಒಳ್ಳೆಯ ತಿಂಗಳಲ್ಲೂ ಅಷ್ಟೇ, ಕೆಟ್ಟ ತಿಂಗಳಲ್ಲೂ ಅಷ್ಟೇ. ಏರಿಳಿತವೆಲ್ಲ ಕೆಲಸದ ಖಾತೆಯಲ್ಲೇ ಇರಲಿ.

ರಾಜೀನಾಮೆ ಕೊಡುವ ಮೊದಲು ಏನೇನು ಮುಗಿಸಬೇಕು?

ಸಂಬಳದ ಚೀಟಿ ಇದ್ದಾಗ ಮಾತ್ರ ಸುಲಭವಾಗುವ ಕೆಲಸಗಳನ್ನು. ಸಾಲ ಬೇಕೇ ಬೇಕು ಅಂತಿದ್ದರೆ ಈಗಲೇ ವಿಚಾರಿಸಿ. ಸ್ವಂತ ದುಡಿಮೆಯವರಿಗೆ ಬ್ಯಾಂಕುಗಳು ಹಿಂದಿನ ಕೆಲವು ವರ್ಷದ ಆದಾಯದ ದಾಖಲೆ ಕೇಳುತ್ತವೆ, ಹೊಸಬರ ಹತ್ತಿರ ಅದು ಇರುವುದಿಲ್ಲ. ಮನೆಯವರೆಲ್ಲರ ಆರೋಗ್ಯ ವಿಮೆ ಕಂಪನಿಯದ್ದಾಗಿದ್ದರೆ ಅದು ಎಂದು ನಿಲ್ಲುತ್ತದೆ ಅಂತ ಕೇಳಿ, ಒಂದು ದಿನವೂ ಖಾಲಿ ಬಿಡದ ಹಾಗೆ ಸ್ವಂತದ್ದು ಮಾಡಿಸಿ. ನಿಮ್ಮ ಮೇಲೆ ಮಕ್ಕಳು ಅವಲಂಬಿತರಾಗಿದ್ದರೆ ಜೀವ ವಿಮೆಯೂ ಬೇಕು. ಹಲ್ಲು, ಕಣ್ಣು ತೋರಿಸುವುದಿದ್ದರೆ ತೋರಿಸಿಬಿಡಿ. ಬಡ್ಡಿ ಜಾಸ್ತಿ ಇರುವ ಕಾರ್ಡ್ ಸಾಲ ತೀರಿಸಿ. ಬೋನಸ್ ಕೈಗೆ ಬರುವ ದಿನಕ್ಕೆ ಮುಂಚೆ ಪತ್ರ ಕೊಡಬೇಡಿ.

ಅಪ್ಪ ಅಮ್ಮ, ನೆಂಟರು ‘ಕೈಯಲ್ಲಿದ್ದ ಕೆಲಸ ಯಾಕೆ ಬಿಡ್ತೀಯಾ’ ಅಂತಾರೆ.

ಅಪ್ಪ ಅಮ್ಮನಿಗೆ ಲೆಕ್ಕ ತೋರಿಸಿ, ಅವರಿಗೆ ಕೇಳುವ ಅಧಿಕಾರ ಇದೆ. ಕಷ್ಟ ಬಂದರೆ ಮೊದಲು ಅವರ ಹತ್ತಿರವೇ ಹೋಗುತ್ತೀರಿ ಅಲ್ವಾ? ನೆಂಟರಿಗೆ ‘ಹೌದು, ಯೋಚನೆ ಮಾಡ್ತಿದೀವಿ’ ಅಂದರೆ ಸಾಕು.

ಸರಿಹೋಗುತ್ತಿಲ್ಲ ಅಂದರೆ ಯಾವಾಗ ನಿಲ್ಲಿಸಬೇಕು?

ಶುರು ಮಾಡುವ ಮುಂಚೆಯೇ ಇದನ್ನು ಬರೆದಿಡಿ. ದುಡ್ಡು, ದುಡಿಮೆ ಹಾಕಿಯಾದ ಮೇಲೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಹಾಕಿದ್ದು ಜಾಸ್ತಿಯಾದಷ್ಟೂ ಜನ ಇನ್ನಷ್ಟು ಹಾಕುತ್ತಾರೆ ಅಂತ ಹಾಲ್ ಆರ್ಕಿಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆ ಹೊತ್ತಿನಲ್ಲಿ ಗೆರೆ ಎಳೆಯಲು ಹೋದರೆ ಗೆರೆ ಜಾರುತ್ತಾ ಹೋಗುತ್ತದೆ.

ಮೂರು ಗೆರೆ ಸಾಕು. ಉಳಿತಾಯ ಇಷ್ಟಕ್ಕೆ ಇಳಿದರೆ. ಇಷ್ಟನೇ ತಿಂಗಳಿಗೂ ಮನೆ ಖರ್ಚಿನ ಅರ್ಧ ಬರದಿದ್ದರೆ. ಮನೆಯಲ್ಲಿ ಯಾರದ್ದಾದರೂ ಆರೋಗ್ಯ ಕೆಟ್ಟರೆ. ಮೊದಲ ಗೆರೆಯನ್ನು ಸೊನ್ನೆಯ ಹತ್ತಿರ ಎಳೆಯಬೇಡಿ. ಹೊಸ ಕೆಲಸ ಹುಡುಕಿ, ಸೇರಿ, ಮೊದಲ ಸಂಬಳ ಕೈಗೆ ಬರಲು ಮೂರು ನಾಲ್ಕು ತಿಂಗಳು ಬೇಕಾಗಬಹುದು, ಅಷ್ಟು ತಿಂಗಳ ಖರ್ಚು ಉಳಿದಿರುವಾಗಲೇ ಗೆರೆ ಬರಬೇಕು. ಮೇಲಿನ ಲೆಕ್ಕದಲ್ಲಿ ಹನ್ನೆರಡು ತಿಂಗಳಿಗೆ ಸಾಕಾಗುವಷ್ಟು ಇತ್ತು. ಹಾಗಾದರೆ ನಿಜವಾಗಿ ಪ್ರಯತ್ನಕ್ಕೆ ಸಿಗುವುದು ಎಂಟು ಒಂಬತ್ತು ತಿಂಗಳು.

ವಾಪಸ್ ಕೆಲಸಕ್ಕೆ ಹೋದರೆ ಯಾರಾದರೂ ತೆಗೆದುಕೊಳ್ಳುತ್ತಾರಾ?

ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಗುಸ್ತಾವೊ ಮ್ಯಾನ್ಸೊ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವಂತ ದುಡಿಮೆಗೆ ಇಳಿದು ಬೇಗ ವಾಪಸ್ ಬಂದವರಿಗೆ ಸಂಬಳದಲ್ಲಿ ದೊಡ್ಡ ಏಟು ಬಿದ್ದಿರಲಿಲ್ಲ. ಹಾಗಾಗಿ ಹೋಗುವವರಿಗೆ ಇದು ನಡೆಯುತ್ತದಾ ಇಲ್ಲವಾ ಅಂತ ಬೇಗ ಗೊತ್ತುಮಾಡಿಕೊಳ್ಳುವುದೇ ಲಾಭ.

ವಾಪಸ್ ಹೋಗುವಾಗ ಆ ತಿಂಗಳುಗಳನ್ನು ರೆಸ್ಯೂಮೆಯಲ್ಲಿ ಖಾಲಿ ಬಿಡಬೇಡಿ. ಏನು ಮಾಡಿಕೊಟ್ಟಿರಿ, ಯಾರಿಗೆ, ಎಷ್ಟು ದಿನದಲ್ಲಿ ಅಂತ ಬರೆಯಿರಿ. ಇಬ್ಬರು ಗಿರಾಕಿಗಳ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಜೊತೆಗೆ ಕೊಡಿ. ಸಂದರ್ಶನದಲ್ಲಿ ‘ಯಾಕೆ ಬಿಟ್ಟಿರಿ’ ಅಂತ ಕೇಳಿದರೆ ಒಂದೇ ಸಾಲಿನಲ್ಲಿ ನಿಜ ಹೇಳಿ: ಇಷ್ಟು ತಿಂಗಳು ಅಂತ ಇಟ್ಟುಕೊಂಡಿದ್ದೆ, ಆದಾಯ ಸಾಲಲಿಲ್ಲ, ನಿಲ್ಲಿಸಿದೆ. ಹಳೆಯ ಕಂಪನಿಯಲ್ಲಿ ಮಾತಾಡುವಷ್ಟು ಸಂಬಂಧ ಉಳಿದಿದ್ದರೆ ಮೊದಲ ಫೋನು ಅಲ್ಲಿಗೇ ಮಾಡಿ, ಬೇರೆ ವಿಭಾಗದಲ್ಲಿ ಜಾಗ ಇದೆಯಾ ಅಂತ ಕೇಳಿ.